ಎಡಗೆನ್ನೆ

ಫಿನಿಶಿಂಗ್ ಆಗದ ಮುಖ ಒಂದೂ ಆ ಫೋಟೋ ಅಂಗಡಿಯಿಂದ ಹೊರಗೆ ಹೋದದ್ದಿಲ್ಲ. ಅದು ಯಜಮಾನರ ಕಟ್ಟಪ್ಪಣೆ. ಮೊಡವೆ ಇದ್ದರೆ ಮೊಡವೆ, ಕಣ್ಣಿನ ಕೆಳಗೆ ಕಪ್ಪಿದ್ದರೆ ಕಪ್ಪು, ಬೋಳುತಲೆ ಹೊಳೆಯುತ್ತಿದ್ದರೆ ಆ ಹೊಳಪು, ಎಲ್ಲವೂ ಮೊದಲು ಮಾಯವಾಗಬೇಕು. ಆಮೇಲೆ ಅಳತೆಗೆ ಕತ್ತರಿಸಿ ಒಂದು ದೊಡ್ಡ ಪ್ರತಿ ಪ್ರಿಂಟಿಗೆ, ಕುಗ್ಗಿಸಿದ ಒಂದು ಸಣ್ಣ ಪ್ರತಿ ಗಿರಾಕಿಯ ಫೋನಿಗೆ. ಕೊನೆಗೆ ಮೂಲ ಚಿತ್ರವನ್ನು ಕಂಪ್ಯೂಟರಿನಿಂದ ಅಳಿಸಿಬಿಡಬೇಕು. "ಹಸಿ ಫೋಟೋ ಇಟ್ಕೊಂಡಿದ್ರೆ ಒಂದಲ್ಲ ಒಂದು ದಿನ ಅದೇ ಗಿರಾಕಿ ಕೈಗೆ ಹೋಗತ್ತೆ, ಆವಾಗ ನಮ್ಮ ಮಾನ ಉಳಿಯಲ್ಲ" ಎನ್ನುವುದು ಅವರ ವಾದ. ಒಮ್ಮೆ ಹಾಗೇ ಆಗಿ ಮದುಮಗಳೊಬ್ಬಳು ಅಂಗಡಿಯ ಬಾಗಿಲಲ್ಲೇ ನಿಂತು ಅತ್ತಿದ್ದಳಂತೆ. ಬೀದಿಯವರು ಅವರಿಗೆ ಫಿನಿಶಿಂಗ್ ಯಜಮಾನರು ಎಂದೇ ಹೆಸರಿಟ್ಟಿದ್ದರು. ಅವರಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ.

ಈಗ ಕೆಲಸವೆಲ್ಲ ಮಗಳದು. ನಲವತ್ತು ದಾಟಿ ಬೈತಲೆಯ ಪಕ್ಕ ಬೆಳ್ಳಿಗೆರೆ ಮೂಡಿದ್ದರೂ ಮನೆಗೂ ಬೀದಿಗೂ ಅವಳು ಪುಟ್ಟಿಯೇ. ಮದುವೆಯ ಗೋಜಿಗೆ ಹೋಗಲಿಲ್ಲ. ಬೇರೆಯವರ ಮದುವೆ ಫೋಟೋ ತಿದ್ದಿ ತಿದ್ದಿಯೇ ತನಗೆ ಸಾಕಾಯಿತು ಎಂದು ನಗುತ್ತಿದ್ದಳು. ಅಪ್ಪ ನೆಗೆಟಿವ್ ಮೇಲೆ ಪೆನ್ಸಿಲು, ಕುಂಚ ಹಿಡಿದು ಮಾಡುತ್ತಿದ್ದುದನ್ನು ಅವಳು ಮೌಸ್ ಹಿಡಿದು ಮಾಡುತ್ತಾಳೆ, ಅಷ್ಟೇ ವ್ಯತ್ಯಾಸ. ಕೆಳಗೆ ಅಂಗಡಿ, ಮೇಲೆ ಮನೆ. ಮೆಟ್ಟಿಲು ಹತ್ತಿದ ಕೂಡಲೇ ಎದುರು ಗೋಡೆಯಲ್ಲಿ ಅಮ್ಮನ ದೊಡ್ಡ ಫೋಟೋ. ತಿಳಿನೀಲಿ ಹಿನ್ನೆಲೆ, ಒಂದೂ ಗೆರೆಯಿಲ್ಲದ ಮುಖ. ಅದು ಪುಟ್ಟಿ ಮಾಡಿದ ಕೆಲಸಗಳಲ್ಲೆಲ್ಲ ಒಳ್ಳೆಯ ಕೆಲಸ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು.

ಅಮ್ಮನಿಗೆ ಒಂದು ವರ್ಷದಿಂದ ಮರೆವು. ಮೊದಮೊದಲು ಕನ್ನಡಕ, ಕೀಲಿಕೈ. ಆಮೇಲೆ ಮಾತು ಶುರು ಮಾಡಿ ನಡುವೆ ಕೈಬಿಡುವುದು. ಈಚಿನ ಕೆಲವು ವಾರಗಳಿಂದ ಇನ್ನೊಂದು ಬಂದಿತ್ತು. ಬೆಳಗ್ಗೆ ಎದ್ದು ಕೈಚೀಲ ತಗುಲಿಸಿಕೊಂಡು ಕುರ್ಚಿಯ ಅಂಚಿನಲ್ಲಿ ಕೂರುವುದು. ಚೀಲ ತೊಡೆಯ ಮೇಲೆ, ಎರಡು ಕೈಯೂ ಅದರ ಹಿಡಿಯ ಮೇಲೆ. ಎರಡು ಘಳಿಗೆಗೆ ಬಂದುಹೋಗುವ ನೆಂಟರು ಕೂರುವ ಹಾಗೆ. ಗೋಡೆಯ ಕಡೆ ನೋಡಿ ಮೆಲ್ಲಗೆ, "ಇವರು ಯಾರಮ್ಮ?" ಎಂದು ಕೇಳುವುದು.

"ನೀನೇ ಅಮ್ಮ."

"ಸುಮ್ನಿರು. ಅವರು ಬರೋಷ್ಟರಲ್ಲಿ ನಾನು ಹೊರಡ್ತೀನಿ."

ಡಾಕ್ಟರನ್ನು ಕೇಳಿದರೆ, ಈ ಕಾಯಿಲೆಯಲ್ಲಿ ಕೆಲವರಿಗೆ ತಮ್ಮ ಮುಖವೇ ಗುರುತು ಸಿಗುವುದಿಲ್ಲ ಎಂದರು. ಪುಟ್ಟಿ ಆ ರಾತ್ರಿ ದಿಂಬಿಗೆ ಮುಖವೊತ್ತಿ ಅತ್ತಳು. ಮಗಳ ಮುಖ ಮರೆತರೆ ಸಹಿಸಬಹುದು, ಅಮ್ಮನಿಗೆ ತನ್ನ ಮುಖವೇ ಮರೆತರೆ ಹೇಗೆ ಎಂದುಕೊಂಡಳು.

ಆ ದಿನ ಬೆಳಗ್ಗೆ ಅಪ್ಪ ಸ್ನಾನಕ್ಕೆ ಹೋಗಿದ್ದರು, ಪುಟ್ಟಿ ಕೆಳಗೆ ಅಂಗಡಿಯ ಶಟರ್ ಎತ್ತುತ್ತಿದ್ದಳು. ಹಿಂಬಾಗಿಲ ಚಿಲಕ ತೆಗೆದು ಅಮ್ಮ ಹೇಳದೆ ಕೇಳದೆ ಹೊರಟುಹೋಗಿದ್ದಳು. ಅವಳು ಬೇಸಿಗೆಯಲ್ಲೂ ಬಿಡದ ನೀಲಿ ಸ್ವೆಟರೂ ಇಲ್ಲ, ಕೈಚೀಲವೂ ಇಲ್ಲ. ಪಕ್ಕದ ಮನೆ, ಹಿಂದಿನ ಓಣಿ, ಪಾರ್ಕಿನ ಬೆಂಚು, ಎಲ್ಲ ಕಡೆ ಓಡಿದ್ದಾಯಿತು. ಅಮ್ಮನ ತಮ್ಮ, ಪುಟ್ಟಿಯ ಮಾವ, ಫೋನು ಮಾಡಿದ ಕೂಡಲೇ ಸ್ಕೂಟರ್ ಹತ್ತಿ ಬಂದ. ಬಾಯಿ ಜೋರು, ಮನಸ್ಸು ಮೆತ್ತಗೆ. "ಅಕ್ಕನ್ನ ಹುಡುಕ್ದೆ ನಾನು ಕೆಳಗೆ ಕೂರಲ್ಲ" ಎಂದು ಹೊರಟೇ ಹೋದ. ಅಪ್ಪ ಮಗಳು ಪೊಲೀಸ್ ಠಾಣೆಗೆ ಹೋದರು.

ಠಾಣೆಯ ರೈಟರು ಒಳ್ಳೆಯ ಮನುಷ್ಯ. ವಯಸ್ಸು, ಎತ್ತರ, ಬಟ್ಟೆ ಎಲ್ಲ ಕೇಳಿ ಬರೆದುಕೊಂಡು ತಲೆಯೆತ್ತಿದರು.

"ಮುಖದ ಮೇಲೆ, ಮೈಮೇಲೆ ಗುರುತು ಏನಾದ್ರೂ ಇದೆಯಾ?"

ಅಪ್ಪ ಕ್ಷಣವೂ ಯೋಚಿಸಲಿಲ್ಲ. "ಅಂಥದ್ದೇನಿಲ್ಲ."

ಪಕ್ಕದಲ್ಲೇ ನಿಂತಿದ್ದ ಪುಟ್ಟಿ ಹೌದೆಂದು ತಲೆಯಾಡಿಸಿದಳು. ಸುಳ್ಳು ಹೇಳುತ್ತಿದ್ದೇವೆ ಎಂದು ಅವಳಿಗೆ ಅನ್ನಿಸಲೂ ಇಲ್ಲ ನೋಡಿ, ಅದೇ ಸೋಜಿಗ. ಅಮ್ಮನ ಎಡಗೆನ್ನೆಯಲ್ಲಿ ತುಟಿಯ ಅಂಚಿನಿಂದ ಕಿವಿಯ ಬುಡದವರೆಗೆ ಅಂಗೈ ಅಗಲದ ಬಿಳಿ ಮಚ್ಚೆಯಿತ್ತು. ದಾರಿಯಲ್ಲಿ ಹೋಗುವವರು ತಿರುಗಿ ನೋಡುವಂಥದ್ದು. ಆದರೆ ಆ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಬಾಯಿಗೆ ಬಂದರೂ 'ಅದು' ಎಂದಷ್ಟೇ ಬರುತ್ತಿತ್ತು.

ಅದರ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅಮ್ಮನಿಗೆ ಗಂಡು ಹುಡುಕುವಾಗ ಕಳಿಸಲು ಒಂದು ಫೋಟೋ ಬೇಕೆಂದು ಅವಳ ಮನೆಯವರು ಆಗಿನ್ನೂ ಹೊಸದಾಗಿದ್ದ ಈ ಅಂಗಡಿಗೆ ಕರೆತಂದಿದ್ದರು. ಮಚ್ಚೆ ಆಗ ನಾಣ್ಯದಷ್ಟಿತ್ತು. ಅದು ಕಾಣಬಾರದು ಎಂದರು. ಅಪ್ಪ ಕುಂಚ ಹಿಡಿದು ಕಾಣದ ಹಾಗೆ ಮಾಡಿದರು. ಫೋಟೋ ಕೊಡುವ ದಿನ, "ಇದನ್ನ ಎಲ್ಲಿಗೂ ಕಳಿಸೋದು ಬೇಡ, ನನಗೇ ಕೊಟ್ಬಿಡಿ" ಎಂದು ಕೇಳಿ ಅವಳನ್ನೇ ಮದುವೆಯಾದರು. ಈ ಕಥೆ ಹೇಳುವಾಗಲೆಲ್ಲ ಅಪ್ಪನ ದನಿ ಮೆತ್ತಗಾಗುತ್ತಿತ್ತು. ಕುಂಚವನ್ನು ಮಾತ್ರ ಅವರು ಆಮೇಲೂ ಕೆಳಗಿಡಲಿಲ್ಲ. ಮಚ್ಚೆ ವರ್ಷ ವರ್ಷ ಬೆಳೆಯಿತು, ಫೋಟೋದ ಅಮ್ಮನ ಕೆನ್ನೆ ಹಾಗೇ ಉಳಿಯಿತು. ಕುಂಚ ಹೋಗಿ ಮೌಸ್ ಬಂದ ಮೇಲೆ ಆ ಕೆಲಸ ಪುಟ್ಟಿಯ ಪಾಲಿಗೆ ಬಂತು.

"ಈಗಿನ ಒಂದು ಫೋಟೋ ಕಳಿಸಿ," ಎಂದರು ರೈಟರು. "ನಮ್ಮ ಗ್ರೂಪಿಗೆ ಹಾಕೋಕೆ ಚಿಕ್ಕದು ಸಾಕು. ಗೋಡೆಗೆ ಅಂಟಿಸೋಕೆ ಬೇಕಿದ್ರೆ ನೀವೇ ದೊಡ್ಡದು ಮಾಡಿಸ್ಕೊಳ್ಳಿ. ನಿಮ್ಮದೇ ಅಂಗಡಿ ತಾನೇ."

ಪುಟ್ಟಿ ಅಂಗಡಿಗೆ ಓಡಿಬಂದು ಗೋಡೆಯ ಫೋಟೋದ ಫೈಲನ್ನೇ ತೆರೆದಳು. ಬಾಗಿಲಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿದರೂ ಚುಕ್ಕೆಚುಕ್ಕೆಯಾಗಿ ಒಡೆಯದ ಫೈಲು ಅದು. ಹಾಗೇ ಕಳಿಸಿದರೆ ಫೋನುಗಳಲ್ಲಿ ತೆರೆಯುವಷ್ಟರಲ್ಲಿ ಜನರ ತಾಳ್ಮೆ ಹೋಗುತ್ತದೆ. ಭುಜದಿಂದ ಮೇಲಕ್ಕೆ ಕತ್ತರಿಸಿ, ಕುಗ್ಗಿಸಿ, ಕುಗ್ಗಿದಾಗ ಮಂಕಾದ ಅಂಚುಗಳನ್ನು ಸ್ವಲ್ಪ ಚೂಪು ಮಾಡಿದಳು. ಅಷ್ಟಕ್ಕೇ ನಿಲ್ಲಿಸಿದಳೇ? ಇಲ್ಲ. ಕೈ ತನ್ನಷ್ಟಕ್ಕೆ ತಾನು ಹೋಗಿ ಗಲ್ಲದ ಕೆಳಗೆ ಉಳಿದಿದ್ದ ಒಂದು ಸಣ್ಣ ಮಡಿಕೆಯನ್ನೂ ಸವರಿ ನುಣುಪು ಮಾಡಿತು. ಅಮ್ಮ ಬೀದಿಪಾಲಾಗಿದ್ದಾಳೆ, ಮಗಳು ಗಲ್ಲ ತಿದ್ದುತ್ತಿದ್ದಾಳೆ. ಅಭ್ಯಾಸ ಎನ್ನುವುದು ಎಂಥ ಕೆಟ್ಟದ್ದು ನೋಡಿ. 'ಕಾಣೆಯಾಗಿದ್ದಾರೆ' ಎಂದು ಬರೆದು ಠಾಣೆಗೆ, ನೆಂಟರಿಗೆ, ಬೀದಿಯವರ ಗ್ರೂಪಿಗೆ ಕಳಿಸಿದಳು. ನೋಡುನೋಡುತ್ತಲೇ ಅದು ಒಬ್ಬರಿಂದ ಒಬ್ಬರಿಗೆ ಹಾರಿ ಊರಿಡೀ ಹರಡಿತು. ಅವಳ ಸಮಾಧಾನಕ್ಕೆ ಅಷ್ಟು ಸಾಕಾಗಿತ್ತು.

ಬಿಸಿಲೇರಿತು. ಫೋನು ನೂರು ಸಲ ಬಡಿದುಕೊಂಡಿತು. ಎಲ್ಲ "ಸಿಕ್ಕರಾ?" ಎಂದು ಕೇಳುವವರೇ ಹೊರತು "ಇಲ್ಲಿದ್ದಾರೆ" ಎನ್ನುವವರು ಒಬ್ಬರೂ ಇಲ್ಲ. ಅಪ್ಪ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು ಬೀದಿಯನ್ನೇ ನೋಡುತ್ತಿದ್ದರು. ಅಮ್ಮನಿಗೆ ಬಿಸಿಲು ಆಗುವುದಿಲ್ಲ, ಮಚ್ಚೆಯ ಜಾಗ ಸುಟ್ಟಂತೆ ಕೆಂಪಾಗುತ್ತದೆ. ಇಬ್ಬರಿಗೂ ಅದೇ ಯೋಚನೆ.

ಆಗ ಮಾವ ಬಂದ. ಮುಖ ಕೆಂಡದಂತಾಗಿತ್ತು. ಫೋನನ್ನು ಕೌಂಟರಿನ ಮೇಲೆ ಕುಕ್ಕಿದ.

"ಬಸ್ ಸ್ಟಾಪಿನ ಹಣ್ಣಿನ ಗಾಡಿಯವನಿಗೆ ಈ ಫೋಟೋ ತೋರಿಸ್ದೆ. ಏನಂದ ಗೊತ್ತಾ? ಇವರನ್ನ ನೋಡಿಲ್ಲ ಸಾರ್, ನೀಲಿ ಸ್ವೆಟರ್ ಹಾಕ್ಕೊಂಡು ಕೆನ್ನೆ ಬೆಳ್ಳಗಿರೋ ಒಬ್ಬರು ಅಮ್ಮ ಬೆಳಗ್ಗೆ ಇದೇ ದಾರೀಲಿ ಹೋದ್ರು, ಯಾವ ಕಡೆ ತಿರುಗಿದ್ರೋ ಗೊತ್ತಿಲ್ಲ, ಆದ್ರೆ ಇವರಲ್ಲ ಅಂದ. ಇವರಲ್ಲ ಅಂತೆ. ಊರೆಲ್ಲ ನಾನು ಯಾರನ್ನ ಹುಡುಕ್ತಾ ಇದ್ದೀನಿ ಪುಟ್ಟಿ?"

ಪುಟ್ಟಿ ಕಂಪ್ಯೂಟರಿನತ್ತ ತಿರುಗಿದಳು. ಪರದೆಯ ಮೇಲೆ ಆ ನುಣುಪು ಮುಖ ಇನ್ನೂ ತೆರೆದೇ ಇತ್ತು. ಬೇರೆ ಫೋಟೋ ಇರಲೇಬೇಕು ಎಂದು ಫೋಲ್ಡರುಗಳನ್ನು ಜಾಲಾಡಿದಳು. ಗುರುತಿನ ಚೀಟಿಯದು ಇಲ್ಲೇ ಮಾಡಿದ್ದು, ಅದರಲ್ಲೂ ಕೆನ್ನೆ ಸ್ವಚ್ಛ. ನೆಂಟರು ತೆಗೆದವುಗಳಲ್ಲಿ ಅಮ್ಮ ಬಲಗೆನ್ನೆಯೇ ಕಾಣುವಂತೆ ತಿರುಗಿ ಕೂತಿದ್ದಾಳೆ. ಕ್ಯಾಮೆರಾ ಕಂಡ ಕೂಡಲೇ ಹಾಗೆ ತಿರುಗುವುದನ್ನು ಅಪ್ಪನೇ ಅಭ್ಯಾಸ ಮಾಡಿಸಿದ್ದರು. ತನ್ನ ಫೋನಿನಲ್ಲಿ ತೆಗೆದವನ್ನೆಲ್ಲ ಯಾರಿಗಾದರೂ ಕಳಿಸುವ ಮೊದಲು ತಾನೇ ತಿದ್ದಿ, ಅಂಗಡಿಯ ನಿಯಮದಂತೆ ಹಸಿಯದನ್ನು ಅಳಿಸಿದ್ದಾಳೆ. ಮೂರು ಹೊತ್ತೂ ಫೋಟೋದ ನಡುವೆಯೇ ಬದುಕುವ ಮನೆಯಲ್ಲಿ ಅಮ್ಮನದು ಎನ್ನಬಹುದಾದ ಒಂದೂ ಫೋಟೋ ಇರಲಿಲ್ಲ.

"ಹಾಗಾದ್ರೆ ಬರೆದು ಹಾಕ್ತೀನಿ," ಎಂದಳು. "ಇದರ ಮೇಲೇ ಮಚ್ಚೆ ಬರೆದು ಹಾಕ್ತೀನಿ."

ಅಪ್ಪ ಸ್ಟೂಲಿನಿಂದ ಎದ್ದರು. "ಬೇಡ."

"ಅಪ್ಪಾ."

"ಬೇಡ ಅಂದ್ನಲ್ಲ. ಜೀವಮಾನವೆಲ್ಲ ಅವಳು ಮುಚ್ಚಿಟ್ಕೊಂಡು ಬಂದಿದ್ದನ್ನ ಇವತ್ತು ಊರಿನ ಕಂಬಕಂಬಕ್ಕೂ ಅಂಟಿಸ್ತೀಯಾ? ನಾಳೆ ಅವಳು ನೋಡಿದ್ರೆ ಏನಂದ್ಕೋತಾಳೆ?"

"ಅವಳೆಲ್ಲಿ ಮುಚ್ಚಿಟ್ಲು ಭಾವ?" ಮಾವನ ದನಿ ಒಮ್ಮೆಲೇ ಇಳಿದಿತ್ತು. "ಅವಳು ಆ ಮುಖ ಹೊತ್ಕೊಂಡೇ ದಿನಾ ಬೀದಿಗೆ ಹೋಗ್ತಿದ್ಲು, ನಾಲ್ಕು ಜನರ ಹತ್ರ ಮಾತಾಡ್ತಿದ್ಲು, ನಗ್ತಿದ್ಲು. ಯಾವತ್ತಾದ್ರೂ ಸೆರಗು ಮುಚ್ಕೊಂಡು ಓಡಾಡಿದ್ದು ನೋಡಿದೀರಾ? ಮುಚ್ಚಿಟ್ಟಿದ್ದು ನೀವು. ತೊನ್ನು ಅಂತ ಒಂದು ಸಲ ಬಾಯಿಬಿಟ್ಟು ಹೇಳಿ, ನಾಲಿಗೆ ಸುಟ್ಟುಹೋಗಲ್ಲ."

ಅಪ್ಪ ಮತ್ತೆ ಸ್ಟೂಲಿನ ಮೇಲೆ ಕೂತರು. ಪುಟ್ಟಿಗೆ ಅಪ್ಪನನ್ನು ನೋಡಿ ಅಯ್ಯೋ ಅನ್ನಿಸಿತು. ಅವರು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಯಾರೂ ಅವಳನ್ನು ಒಂದು ಮಾತು ಅನ್ನಬಾರದೆಂದು, ಮಾತು ಬರುವ ಮೊದಲೇ ಮುಖವನ್ನು ಒರೆಸುತ್ತಾ ಬಂದವರು ಅವರು. ಅದನ್ನೀಗ ಕೂತು ವಿಚಾರಿಸುವ ಹೊತ್ತಲ್ಲ.

"ಬೈಯೋದಿದ್ರೆ ಅಮ್ಮ ಸಿಕ್ಕ ಮೇಲೆ ಬೈಯಿರಿ ಅಪ್ಪಾ," ಎಂದು ಅವಳು ಕಂಪ್ಯೂಟರಿನ ಮುಂದೆ ಕೂತಳು.

ದೊಡ್ಡ ಫೈಲನ್ನು ಮತ್ತೆ ತೆರೆದು ಕೆನ್ನೆಯನ್ನು ಪರದೆ ತುಂಬ ಹಿಗ್ಗಿಸಿದಳು. ಮಚ್ಚೆಯ ಆಕಾರವನ್ನು ನೆನೆಸಿಕೊಳ್ಳಲು ಕಣ್ಣು ಮುಚ್ಚಿದರೆ ಏನೂ ಕಾಣಲಿಲ್ಲ. ಅಮ್ಮನ ಕಣ್ಣು ಕಂಡಿತು, ದನಿ ಕೇಳಿತು, ಮಚ್ಚೆ ಮಾತ್ರ ಇಲ್ಲ. ಎದುರಿಗಿದ್ದಾಗ ಅದನ್ನು ನೋಡದೇ ಇರುವುದನ್ನು ಅಷ್ಟು ಚೆನ್ನಾಗಿ ಕಲಿತಿದ್ದಳು. ಆದರೆ ಮೌಸ್ ಹಿಡಿದ ಕೈಗೆ ಅದು ಗೊತ್ತಿತ್ತು. ಎಷ್ಟು ಫೋಟೋಗಳಲ್ಲಿ ಎಷ್ಟು ಸಲ ಆ ಅಂಚಿನ ಸುತ್ತ ಸುತ್ತಿ ಅಳಿಸಿದ ಕೈ ಅದು. ತುಟಿಯ ಮೂಲೆಯಿಂದ ಶುರು ಮಾಡಿದಳು. ಕೈ ತಾನೇ ಮೇಲಕ್ಕೆ ಹೋಯಿತು, ಒಂದು ಕಡೆ ಒಳಕ್ಕೆ ಬಾಗಿತು, ದವಡೆಯ ಗುಂಟ ಇಳಿಯಿತು. ಅಳಿಸಿದ ದಾರಿಯಲ್ಲೇ ತಿರುಗಿ ನಡೆದಂತಿತ್ತು. ಕಣ್ಣು ಮಂಜಾಗುತ್ತಿತ್ತು, ಒರೆಸಿಕೊಂಡು ಬರೆದಳು. ಕಿವಿಯ ಹತ್ತಿರ ಬಂದು ಕೈ ತಡವರಿಸಿತು.

"ಅಲ್ಲಿಗೆ ನಿಲ್ಲಲ್ಲ."

ಅಪ್ಪ ಅವಳ ಹಿಂದೆ ಬಂದು ನಿಂತಿದ್ದರು.

"ಕಿವಿ ಕೆಳಗೆ ಒಂದು ಚಿಕ್ಕದು ಬೇರೆಯಾಗಿ ಇದೆ. ಅಂಗಿ ಗುಂಡಿಯಷ್ಟು. ಅದು ಕೂದಲಲ್ಲಿ ಮುಚ್ಚಿಹೋಗತ್ತೆ ಅಂತ ನಿನಗೆ ಅಳಿಸೋಕೆ ಹೇಳಿರ್ಲಿಲ್ಲ."

ಪುಟ್ಟಿ ಅದನ್ನೂ ಬರೆದಳು.

"ಅಷ್ಟು ಬೆಳ್ಳಗೆ ಮಾಡ್ಬೇಡ. ಪೇಪರ್ ಮೇಲೆ ಅಚ್ಚ ಬಿಳಿ ಅಂದ್ರೆ ಇಂಕೇ ಬೀಳಲ್ಲ, ಪ್ರಿಂಟ್ ಕೆಟ್ಟಿದೆ ಅಂದ್ಕೋತಾರೆ. ಸ್ವಲ್ಪ ಕೆಂಪು ಸೇರಿಸು. ಬೇಸಿಗೇಲಿ ಅದು ನಸುಗೆಂಪಾಗತ್ತೆ." ಅವರು ಕನ್ನಡಕ ಏರಿಸಿಕೊಂಡು ಬಗ್ಗಿದರು. "ಏಳು, ಇಲ್ಲಿ ಕೊಡು."

ಮೌಸ್ ಹಿಡಿದು ಅಭ್ಯಾಸವಿರಲಿಲ್ಲ. ಆದರೂ ಅಂಚನ್ನು ಮೆತ್ತಗೆ ಮಾಡಿದರು, ಕಣ್ಣಿನ ಸುತ್ತ ಹೋಗಿದ್ದ ಗೆರೆಗಳನ್ನು ಒಂದೊಂದಾಗಿ ಎಳೆದರು, ಹುಬ್ಬಿನ ನಡುವಿನ ಮಡಿಕೆ ತಂದರು. ಎಲ್ಲ ಮುಗಿದ ಮೇಲೆ ಪರದೆಯನ್ನು ನೋಡುತ್ತ ಕೂತರು. ತಮಗೇ ಹೇಳಿಕೊಂಡಂತೆ ಮೆಲ್ಲಗೆ, "ಎಷ್ಟು ವಯಸ್ಸಾಗಿದೆ ಇವಳಿಗೆ," ಎಂದರು. ಮಾವ ಮುಖ ಆಚೆ ತಿರುಗಿಸಿದ.

ಮುಂದಿನ ಕೆಲಸವನ್ನು ಪುಟ್ಟಿ ಸರಸರನೆ ಮಾಡಿದಳು. ಫೋನಿಗೆ ಹೋಗುವುದರಲ್ಲಿ ಮುಖ ಬಿಟ್ಟು ಬೇರೇನೂ ಇಲ್ಲದ ಹಾಗೆ ಕತ್ತರಿಸಿದಳು. ಫೋನಿನಿಂದ ಫೋನಿಗೆ ಹೋಗುತ್ತಾ ಫೋಟೋ ಮಂಕಾಗುತ್ತದೆ, ಜನ ನೋಡುವುದು ಹೆಬ್ಬೆಟ್ಟಿನಷ್ಟು ಜಾಗದಲ್ಲಿ; ಅಲ್ಲಿಯೂ ಮಚ್ಚೆ ಎದ್ದು ಕಾಣಬೇಕು. ಕುಗ್ಗಿಸಿ ತನ್ನ ಫೋನಿಗೆ ಹಾಕಿಕೊಂಡು ಕೈ ಚಾಚಿ ದೂರದಿಂದ ನೋಡಿದಳು. ಸಾಲದು ಎನಿಸಿ ಸುತ್ತಲಿನ ಬಣ್ಣವನ್ನು ಒಂದಿಷ್ಟು ಗಾಢ ಮಾಡಿದಳು. ಕಂಬಕ್ಕೆ ಅಂಟಿಸುವುದನ್ನು ಕುಗ್ಗಿಸದೆ, ದೊಡ್ಡ ಹಾಳೆಯ ಅಳತೆಗೆ ಹೊಂದಿಸಿ, ಅಗ್ಗದ ಕಾಗದ ಬಣ್ಣ ಹೀರುತ್ತದೆಂದು ಸ್ವಲ್ಪ ಬೆಳಕು ಹೆಚ್ಚಿಸಿ ಪ್ರಿಂಟಿಗೆ ಕೊಟ್ಟಳು. 'ಮೊದಲು ಕಳಿಸಿದ ಫೋಟೋ ಸರಿಯಿಲ್ಲ, ಅಳಿಸಿಬಿಡಿ. ನಮ್ಮಮ್ಮ ಇವರು' ಎಂದು ಬರೆದಳು. ಠಾಣೆಯ ರೈಟರಿಗೆ ಅಪ್ಪನೇ ಫೋನು ಮಾಡಿದರು. "ಗುರುತು ಇದೆ ಸಾರ್. ಎಡಗೆನ್ನೆ ಮೇಲೆ ತೊನ್ನಿದೆ. ಬೆಳಗ್ಗೆ ಹೇಳಿರ್ಲಿಲ್ಲ," ಎಂದರು.

ಪ್ರಿಂಟರು ಇನ್ನೂ ಹಾಳೆ ಉಗುಳುತ್ತಿತ್ತು, ಫೋನು ಬಂತು. ಬಸ್ ಸ್ಟಾಪಿನ ಆಚೆಯ ಬೀದಿಯ ಬಟ್ಟೆ ಒಗೆದುಕೊಡುವ ಅಂಗಡಿಯಾಕೆ.

"ಫೋಟೋದಲ್ಲಿರೋರು ನಮ್ಮಲ್ಲೇ ಇದ್ದಾರೆ. ಬೆಳಗ್ಗೆಯಿಂದ ಇದ್ದಾರೆ. ಬನ್ನಿ."

ಅಪ್ಪ ಮೊದಲ ಹಾಳೆಯನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದುಕೊಂಡೇ ಹೊರಟರು. ಯಾಕೆ ಹಿಡಿದುಕೊಂಡರೋ, ಅವರಿಗೂ ಗೊತ್ತಿರಲಿಲ್ಲ.

ಒಳಗೆ ಆವಿ, ಸೋಪಿನ ವಾಸನೆ. ಯಂತ್ರಗಳ ಹಿಂದೆ ಉದ್ದನೆಯ ಮೇಜಿನ ಮುಂದೆ ಅಮ್ಮ ಕೂತು ಯಾರದೋ ಟವೆಲ್‌ಗಳನ್ನು ಮಡಿಸುತ್ತಿದ್ದಳು. ಮೂಲೆಗೆ ಮೂಲೆ ಕೂಡಿಸಿ, ಅಂಗೈಯಲ್ಲಿ ಸವರಿ, ಒಂದರ ಮೇಲೊಂದು. ಕೈಚೀಲ ತೊಡೆಯ ಮೇಲೇ ಇತ್ತು. ಪುಟ್ಟಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಬಾಗಿಲಲ್ಲಿ ನಿಂತಿದ್ರು, ಬಿಸಿಲು ಅಂತ ಒಳಗೆ ಕರೆದೆ," ಎಂದಳು ಅಂಗಡಿಯಾಕೆ ತಗ್ಗಿದ ದನಿಯಲ್ಲಿ. "ಸುಮ್ನೆ ಕೂರೋಕೆ ಒಪ್ಪಲಿಲ್ಲ, ಕೆಲಸ ಕೊಡಿ ಅಂದ್ರು. ಮನೆ ಎಲ್ಲಿ ಅಂದ್ರೆ, ಇದ್ದ ಮನೆಗೆ ಆ ಮನೆ ಯಜಮಾನಿ ವಾಪಸ್ ಬರ್ತಾಳೆ, ಗೋಡೆ ಮೇಲೆ ಅವಳ ಫೋಟೋ ಇದೆ, ನಾನು ಇದ್ರೆ ಅವಳಿಗೆ ಬೇಜಾರಾಗತ್ತೆ ಅಂತಾರೆ. ನಿಮ್ಮ ಮೊದಲ್ನೇ ಫೋಟೋ ಬಂದಾಗ ಇವರು ನನ್ನ ಎದುರಿಗೇ ಕೂತಿದ್ರಮ್ಮ. ಫೋಟೋ ನೋಡ್ದೆ, ಇವರನ್ನ ನೋಡ್ದೆ. ಪಾಪ ಅದ್ಯಾರೋ ಅಂದ್ಕೊಂಡು ಫೋನು ಕೆಳಗಿಟ್ಟೆ."

ಇಷ್ಟು ದಿನ ಗೋಡೆಯ ಕಡೆ ಬೆರಳು ತೋರಿಸಿ "ನೀನೇ ಅಮ್ಮ" ಎಂದು ಸಾಧಿಸಿದ್ದು, ಡಾಕ್ಟರಿಗೆ ದೂರು ಹೇಳಿದ್ದು, ರಾತ್ರಿ ಅತ್ತಿದ್ದು, ಎಲ್ಲ ಪುಟ್ಟಿಗೆ ಒಟ್ಟಿಗೆ ನೆನಪಾಯಿತು. ಅಮ್ಮ ಸರಿಯಾಗಿಯೇ ಹೇಳಿದ್ದಳು. ಗೋಡೆಯ ಮೇಲಿನ ಆ ಹೆಂಗಸು ಅವಳಾಗಿರಲಿಲ್ಲ. ಅಪ್ಪನೂ ಅಂಗಡಿಯಾಕೆಯ ಮಾತು ಕೇಳಿಸಿಕೊಂಡಿದ್ದರು. ಅವರ ಮುಖ ನೋಡುವ ಧೈರ್ಯ ಪುಟ್ಟಿಗೆ ಬರಲಿಲ್ಲ.

ಅಪ್ಪ ಹೋಗಿ ಅಮ್ಮನ ಎದುರಿನ ಸ್ಟೂಲಿನಲ್ಲಿ ಕೂತು ಮೇಜಿನ ಮೇಲೆ ಹಾಳೆಯನ್ನು ಬಿಡಿಸಿದರು. ಅದು ಮತ್ತೆ ಸುತ್ತಿಕೊಳ್ಳದ ಹಾಗೆ ಎರಡು ಕೈಯಲ್ಲೂ ಒತ್ತಿ ಹಿಡಿದರು. ಅಮ್ಮ ಮಡಿಸುವುದನ್ನು ನಿಲ್ಲಿಸಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಬೆರಳು ಕಾಗದದ ಕೆನ್ನೆಯ ಮೇಲೆ ಅಂಚಿನ ಗುಂಟ ಹೋಯಿತು, ಆಮೇಲೆ ಅದೇ ಬೆರಳು ತನ್ನ ಕೆನ್ನೆಗೆ ಬಂತು.

"ಇದು ನಾನು," ಎಂದಳು. "ಯಾವಾಗ ತೆಗೆದ್ರಿ ಇದನ್ನ?"

"ಇವತ್ತೇ," ಎಂದರು ಅಪ್ಪ.

"ಚೆನ್ನಾಗಿದೆ ರೀ." ಮತ್ತೆ ಏನೋ ನೆನಪಾಗಿ ಅನುಮಾನದಿಂದ ಕೇಳಿದಳು. "ಮನೇಲಿ ಅವರು ಇದ್ದಾರಾ?"

"ಇಲ್ಲ. ಅವಳು ಹೋದ್ಲು. ನಾನೇ ಕಳಿಸ್ಬಿಟ್ಟೆ. ಬಾ, ಹೋಗೋಣ."

ಮಾವ ಸ್ಕೂಟರಿನಲ್ಲಿ ಮುಂದೆ ಹೋದ. ಯಾರೂ ಹೇಳದಿದ್ದರೂ ಅವನಿಗೆ ಅರ್ಥವಾಗಿತ್ತು. ಇವರು ಮೆಟ್ಟಿಲು ಹತ್ತುವಷ್ಟರಲ್ಲಿ ಎದುರು ಗೋಡೆಯ ಫೋಟೋ ಕೆಳಗಿಳಿದು, ಮುಖ ಗೋಡೆಗೆ ತಿರುಗಿಸಿಕೊಂಡು ಮಂಚದ ಹಿಂದೆ ನಿಂತಿತ್ತು. ಅದಿದ್ದ ಜಾಗ ಸುತ್ತಲಿಗಿಂತ ತಿಳಿಯಾಗಿ, ಚೌಕಾಕಾರವಾಗಿ ಉಳಿದಿತ್ತು. ಅಪ್ಪ ಆ ಚೌಕದ ನಡುವೆ ಹಾಳೆಯನ್ನು ಒತ್ತಿ ಹಿಡಿದರು. ಪುಟ್ಟಿ ನಾಲ್ಕು ಮೂಲೆಗೂ ಟೇಪು ಹಚ್ಚಿದಳು. ಕೆಳಗೆ ದಪ್ಪಕ್ಷರದಲ್ಲಿ 'ಕಾಣೆಯಾಗಿದ್ದಾರೆ' ಎಂದಿತ್ತು. ಅದನ್ನು ಮಾವ ತನ್ನ ಜೇಬಿನ ಚಾಕುವಿನಲ್ಲಿ ಕತ್ತರಿಸಿ ತೆಗೆದ.

ಅಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಕೊನೆಗೆ ಒಳಗೆ ಬಂದಳು. ಹೆಗಲಿನಿಂದ ಕೈಚೀಲ ತೆಗೆದು, ಬಾಗಿಲ ಹಿಂದಿನ ಮೊಳೆ ಎಲ್ಲಿದೆ ಎಂದು ಯಾರನ್ನೂ ಕೇಳದೆ, ಅಲ್ಲಿಗೆ ತಗುಲಿ ಹಾಕಿದಳು.